ಕನ್ನಡಕದ ಋಣ

ಅಪ್ಪ ತೀರಿಕೊಂಡ ಮೇಲೆ ಅವರ ಸಾಮಾನುಗಳಿಗೆಲ್ಲ ಒಂದೊಂದು ದಾರಿ ಸಿಕ್ಕಿತು. ಪಂಚೆ, ಶರ್ಟುಗಳು ಪಕ್ಕದ ತೋಟದಲ್ಲಿ ಕೆಲಸ ಮಾಡುವವರ ಮನೆಗೆ ಹೋದವು. ಉಣ್ಣೆಯ ಸ್ವೆಟರನ್ನು ಚಿಕ್ಕಪ್ಪ ಹಾಕಿಕೊಂಡರು. ಊರುಗೋಲನ್ನು ಎದುರುಮನೆಯ ಅಜ್ಜ ತಾವೇ ಕೇಳಿ ಪಡೆದರು. ಕೈಗಡಿಯಾರ ನನ್ನ ಕೈಯಲ್ಲಿದೆ. ಕೊನೆಗೆ ಉಳಿದದ್ದು ಒಂದು ಹಳೇ ಬಿಸ್ಕತ್ತಿನ ಡಬ್ಬಿ; ಅದರೊಳಗೆ ಆರು ಕನ್ನಡಕ.

ಅಪ್ಪ ಬೇಲೂರಿನ ಕಾಫಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಕಣ್ಣೇ ಅವರ ಬಂಡವಾಳ. ಆದ್ದರಿಂದಲೋ ಏನೋ, ಪವರ್ ಬದಲಾಗಿ ಉಪಯೋಗಕ್ಕೆ ಬಾರದ ಕನ್ನಡಕವನ್ನೂ ಅವರು ಎಸೆದವರಲ್ಲ. ಗುಜರಿಯವನು ಬಂದ ದಿನ ಹಳೇ ಪೇಪರು, ಮುರಿದ ಬಕೆಟ್ಟು, ತುಕ್ಕು ಹಿಡಿದ ಸೀಮೆಎಣ್ಣೆ ಸ್ಟವ್ ಎಲ್ಲದರ ಜೊತೆಗೆ ಈ ಡಬ್ಬಿಯನ್ನೂ ಮುಂದಿಟ್ಟೆ. ಅವನು ಡಬ್ಬಿಯನ್ನು ಮಾತ್ರ ತಕ್ಕಡಿಗೆ ಹಾಕಲು ಹೊರಟ. ಕನ್ನಡಕಗಳನ್ನು ನೆಲದ ಮೇಲೆ ಸುರಿದು ಹೇಳಿದ: "ಇದನ್ನ ಯಾರೂ ತಗಳಲ್ಲ ಕಣಣ್ಣ. ಗಾಜೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಕಬ್ಬಿಣಾನೂ ಅಲ್ಲ. ಎಲ್ಲಾ ಒಂದೊಂದ್ ಚೂರು."

ಒಳಗಿನಿಂದ ಅಮ್ಮ ಕೂಗಿ ಹೇಳಿದರು: "ಕಣ್ಣಿನ ಕ್ಯಾಂಪಿನೋರಿಗೆ ಕೊಟ್ಬಿಡೋ. ಪಾಪ, ಯಾರಿಗಾದ್ರೂ ಆಗುತ್ತೆ. ಪುಣ್ಯ ಬರುತ್ತೆ."

ಗುಜರಿಯವನ ಮಾತು, ಅಮ್ಮನ ಮಾತು ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡವನು ನಾನು. ಒಬ್ಬನ ಪಾಲಿಗೆ ಅದಕ್ಕೆ ಬೆಲೆಯೇ ಇಲ್ಲ, ಇನ್ನೊಬ್ಬರ ಪಾಲಿಗೆ ಅದು ಪುಣ್ಯ. ಬೆಲೆಯಿಲ್ಲದ್ದು ಪುಣ್ಯವಾಗುವುದು ಹೇಗೆ ಎಂಬ ಪ್ರಶ್ನೆ ಅವತ್ತು ಹುಟ್ಟಿದ್ದು ಇನ್ನೂ ನನ್ನನ್ನು ಬಿಟ್ಟಿಲ್ಲ. ಒಂದು ವಸ್ತುವಿನ ಉಪಯೋಗ ಮುಗಿದ ಮೇಲೆ ಅದರ ಹೊಣೆ ಯಾರದು? ಬಳಸಿದವನದೇ, ಮಾಡಿದವನದೇ, ಮಾರಿದವನದೇ? ಅಥವಾ ನಾವು ಅದನ್ನು ಯಾರ ಕೈಗೆ ದಾಟಿಸುತ್ತೇವೋ ಅವರದೇ?

ಗುಜರಿಯವನು ಹೇಳಿದ್ದು ಅಕ್ಷರಶಃ ಸತ್ಯ. ನಮ್ಮ ಊರುಗಳಲ್ಲಿ ಮರುಬಳಕೆ ಎಂಬ ಮಾತು ಪಠ್ಯಪುಸ್ತಕಕ್ಕೆ ಬರುವ ಎಷ್ಟೋ ಮೊದಲೇ ಗುಜರಿ ಅಂಗಡಿ ಇತ್ತು. ಅದರ ಧರ್ಮ ಎರಡೇ: ತೂಕ ಇರಬೇಕು, ಜಾತಿ ಬೆರೆಯಬಾರದು. ತಾಮ್ರ ತಾಮ್ರದ ಜೊತೆ, ರಟ್ಟು ರಟ್ಟಿನ ಜೊತೆ. (ಮನುಷ್ಯರ ವಿಷಯದಲ್ಲಿ ತಪ್ಪಾದದ್ದು ಗುಜರಿಯಲ್ಲಿ ಸರಿ.) ಕನ್ನಡಕ ಈ ಎರಡು ಪರೀಕ್ಷೆಯಲ್ಲೂ ಸೋಲುತ್ತದೆ. ಇಡೀ ಕನ್ನಡಕದ ತೂಕ ಕೆಲವೇ ಗ್ರಾಂ. ಅಷ್ಟರಲ್ಲಿ ಫ್ರೇಮಿನದು ಒಂದು ಪ್ಲಾಸ್ಟಿಕ್ಕು, ಲೆನ್ಸಿನದು ಇನ್ನೊಂದು, ಮೂಗಿನ ಮೇಲೆ ಕೂರುವ ಪ್ಯಾಡು ಸಿಲಿಕೋನಿನದು, ಕೀಲಿನದು ಒಂದು ಲೋಹ, ಲೆನ್ಸಿನ ಮೇಲೆ ಗೀರು ಬೀಳದಿರಲೆಂದು, ಬೆಳಕು ಮಿನುಗದಿರಲೆಂದು ಬಳಿದ ತೆಳುಪದರಗಳು ಬೇರೆ.

ಲೆನ್ಸಿನ ಕತೆ ಸ್ವಲ್ಪ ವಿಚಿತ್ರವಾದದ್ದು. ಬಹುಕಾಲ ಎಲ್ಲರ ಕನ್ನಡಕದಲ್ಲಿ ಇದ್ದದ್ದು ನಿಜವಾದ ಗಾಜೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಂಪನಿಯೊಂದು ಸಿಆರ್-39 ಎಂಬ ರಾಳವನ್ನು ಮಾಡಿತು. ಅದು ಮೊದಲು ಕೆಲಸಕ್ಕೆ ಬಂದದ್ದು ಬಾಂಬರ್ ವಿಮಾನಗಳ ಇಂಧನದ ಟ್ಯಾಂಕುಗಳಿಗೆ. ಯುದ್ಧ ಮುಗಿದ ಮೇಲೆ ಅದೇ ರಾಳ ನಮ್ಮ ಕಣ್ಣಿನ ಮುಂದೆ ಬಂದು ಕೂತಿತು. ಹಗುರ, ಬಿದ್ದರೆ ಚೂರಾಗುವುದಿಲ್ಲ, ಮಕ್ಕಳಿಗೆ ಅಪಾಯವಿಲ್ಲ. ಆದರೆ ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವ ಜಾತಿಯದಲ್ಲ. ಬೆಂದ ಮಡಕೆಯನ್ನು ಪುನಃ ಜೇಡಿಮಣ್ಣು ಮಾಡಲು ಹೇಗೆ ಬರುವುದಿಲ್ಲವೋ ಹಾಗೆ. ಪಾಲಿಕಾರ್ಬೊನೇಟಿನ ಲೆನ್ಸು ಕರಗುತ್ತದೆ ನಿಜ, ಆದರೆ ಯಾವುದು ಯಾವುದೆಂದು ನೋಡಿ ಹೇಳುವುದು ನನ್ನಂಥವರಿಗೆ ಸಾಧ್ಯವಿಲ್ಲ, ಗುಜರಿಯವನಿಗೂ ಅಷ್ಟೇ. ಇನ್ನು ಆಮೆಚಿಪ್ಪಿನ ಬಣ್ಣದ ಒಳ್ಳೆಯ ಫ್ರೇಮುಗಳು ಸೆಲ್ಯುಲೋಸ್ ಅಸಿಟೇಟಿನವು. ಮರದ ತಿರುಳು ಅಥವಾ ಹತ್ತಿಯಿಂದ ಹುಟ್ಟುವ ವಸ್ತುವಾದ್ದರಿಂದ ಅದನ್ನು ಹಸಿರು ಎಂದು ಕರೆಯುವ ಜಾಹೀರಾತುಗಳಿವೆ. ಆದರೆ ದಪ್ಪ ಹಾಳೆಯಿಂದ ಫ್ರೇಮಿನ ಆಕಾರವನ್ನು ಕೊರೆದು ತೆಗೆದಾಗ ಎರಡು ಕಣ್ಣಿನ ತೂತು, ಸುತ್ತಲಿನ ಅಂಚು ಎಲ್ಲ ಸೇರಿ ಹಾಳೆಯ ಬಹುಭಾಗ ಚೂರಾಗಿ ಕೆಳಗೆ ಬೀಳುತ್ತದೆ. ಮುಖದ ಮೇಲೆ ಬರುವುದು ಉಳಿದ ಸ್ವಲ್ಪ.

ನಮ್ಮೂರ ಬಸ್ ನಿಲ್ದಾಣದ ಕಡೆಯ ಒಂದು ಚಿಕ್ಕ ಕನ್ನಡಕದಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದೆ. ಹೊಸ ಫ್ರೇಮು ತೆಗೆದರು. ಅದರೊಳಗೆ ಆಗಲೇ ಒಂದು ಜೊತೆ ತೆಳು ಪ್ಲಾಸ್ಟಿಕ್ ಇತ್ತು, ಮೇಲೆ ಕಂಪನಿಯ ಹೆಸರಿನ ಮುದ್ರೆ. ಅದಕ್ಕೆ ಪವರ್ ಇಲ್ಲ. ಸಾಗಿಸುವಾಗ ಫ್ರೇಮು ಸೊಟ್ಟಗಾಗದಿರಲಿ, ಗಿರಾಕಿ ಹಾಕಿಕೊಂಡು ಕನ್ನಡಿ ನೋಡಿದಾಗ ಬೋಳಾಗಿ ಕಾಣದಿರಲಿ ಎಂದು ಹಾಕಿದ್ದು. ಅಂಗಡಿಯವರು ಹೆಬ್ಬೆರಳಿನಿಂದ ಒತ್ತಿದರು. ಟಪ್ಪೆಂದು ಹೊರಗೆ ಬಂತು. ಕಾಲ ಬಳಿಯ ಬುಟ್ಟಿಗೆ ಹೋಯಿತು. ಹೊಸ ಫ್ರೇಮುಗಳಿಗೆಲ್ಲ ಸಾಮಾನ್ಯವಾಗಿ ಇದೇ ಕತೆ. ನೋಟಕ್ಕಾಗಿಯೇ ಇರುವ ಉದ್ಯಮದಲ್ಲಿ ಯಾರೂ ಒಮ್ಮೆಯೂ ಅದರ ಮೂಲಕ ನೋಡದೆಯೇ ಕಸವಾಗುವ ವಸ್ತು ಇದು. ಆಮೇಲೆ ನಿಜವಾದ ಲೆನ್ಸು ಬಂತು: ಸುಮಾರು 70 ಮಿಲಿಮೀಟರ್ ಅಗಲದ ದುಂಡು ಬಿಲ್ಲೆ. ಫ್ರೇಮಿನ ಕಡ್ಡಿಯ ಒಳಮೈಯಲ್ಲಿ ಸಣ್ಣಕ್ಷರದಲ್ಲಿ 52, 18, 140 ಎಂದಿತ್ತು. ಲೆನ್ಸಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರಿನಲ್ಲಿ. ಎತ್ತರ 35ರಷ್ಟಿರಬಹುದು. ನಾನು ಅಲ್ಲೇ ಕೂತು ಅಪ್ಪನ ಮಗನಂತೆ ಲೆಕ್ಕ ಹಾಕಿದೆ: ಬಿಲ್ಲೆಯ ಅರ್ಧಕ್ಕಿಂತ ಹೆಚ್ಚು ಭಾಗ ಉಜ್ಜಿ ಹೋಗಬೇಕು. ಅದು ಹೋದದ್ದು ಯಂತ್ರದ ಕೆಳಗಿನ ನೀರಿನ ತೊಟ್ಟಿಗೆ, ಬಿಳಿ ರಾಡಿಯಾಗಿ. ಸಂಜೆ ಬಾಗಿಲು ಹಾಕುವ ಮುಂಚೆ ಆ ರಾಡಿ ಚರಂಡಿಗೆ.

ಅಂಗಡಿಯವರನ್ನು ದೂರಬೇಕೆಂದು ಇದನ್ನು ಬರೆಯುತ್ತಿಲ್ಲ. ಆ ಪುಡಿಯನ್ನು ಒಯ್ಯಲು ಇಲ್ಲಿಗೆ ಯಾರೂ ಬರುವುದಿಲ್ಲ, ಅವರಿಗೆ ಅದರ ಬಗ್ಗೆ ಯಾರೂ ಹೇಳಿಯೂ ಇಲ್ಲ.

ಹಾಗಂತ ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ದೊಡ್ಡ ಚಿಂತೆ ಬೇಕೆ? ತೂಕದ ಲೆಕ್ಕದಲ್ಲಿ ನೋಡಿದರೆ ನಮ್ಮ ಮನೆಗೆ ತಿಂಗಳಿಗೆ ಬರುವ ಹಾಲಿನ ಪ್ಯಾಕೆಟ್ಟಿನ ಮುಂದೆ ಇಡೀ ಮನೆಯ ಕನ್ನಡಕಗಳು ಏನೂ ಅಲ್ಲ. ಈ ಆಕ್ಷೇಪ ನ್ಯಾಯವಾದದ್ದೇ. ಆದರೂ ನಾನು ಕನ್ನಡಕವನ್ನೇ ಹಿಡಿದು ಕೂತಿರುವುದಕ್ಕೆ ಕಾರಣವಿದೆ. ಬಣ್ಣದ ಬಾಟಲಿ, ಚಿಪ್ಸ್ ಪ್ಯಾಕೆಟ್ಟು ಕೊಳ್ಳುವಾಗ ಎಲ್ಲೋ ಒಂದು ಮೂಲೆಯಲ್ಲಿ ತಪ್ಪಿನ ಅರಿವು ಇರುತ್ತದೆ. ಕನ್ನಡಕ ಕೊಳ್ಳುವಾಗ ಇರುವುದಿಲ್ಲ, ಏಕೆಂದರೆ ಅದು ಕಣ್ಣಿನ ವಿಷಯ. ಅದು ಔಷಧಿಯ ಹಾಗೆ. ಆ ಅಗತ್ಯದ ನೆರಳಿನಲ್ಲಿ ಆಸೆ ಹಾಯಾಗಿ ಕೂತಿರುತ್ತದೆ. ಅಪ್ಪನ ಡಬ್ಬಿಯಲ್ಲೇ ಅದಕ್ಕೆ ಸಾಕ್ಷಿ ಇದೆ: ಕೊನೆಯ ಎರಡು ಕನ್ನಡಕ 'ಒಂದು ಕೊಂಡರೆ ಒಂದು ಉಚಿತ' ಎಂಬ ಬೋರ್ಡಿನ ಅಂಗಡಿಯಿಂದ ನಾನೇ ಕೊಡಿಸಿದ್ದು. ಎರಡನೆಯದನ್ನು ಅವರು ಒಂದು ದಿನವೂ ಹಾಕಲಿಲ್ಲ. "ನಂಗೇನು ನಾಲ್ಕು ಕಣ್ಣಾ?" ಅಂದಿದ್ದರು.

ಕನ್ನಡಕ ಈ ನೆಲಕ್ಕೆ ಬಂದಾಗ ಕತೆ ಹೀಗಿರಲಿಲ್ಲ. ವಿಜಯನಗರದ ವ್ಯಾಸರಾಯರ ಕುರಿತು ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ 'ವ್ಯಾಸಯೋಗಿಚರಿತ'ದಲ್ಲಿ ಯತಿಗಳು ಓಲೆಗರಿ ಓದಲು ಬಳಸುವ 'ಉಪಲೋಚನಗೋಲಕ'ದ ಪ್ರಸ್ತಾಪ ಬರುತ್ತದೆ. ಅದು 16ನೆಯ ಶತಮಾನದ ಮಾತು. ಭಾರತದಲ್ಲಿ ಕನ್ನಡಕದ ಇತಿಹಾಸವನ್ನು ಹುಡುಕಿದ ವಿದ್ವಾಂಸ ಪಿ. ಕೆ. ಗೋಡೆ ಈ ಪದವನ್ನು ಗುರುತಿಸಿ ಬರೆದರು. ಹರಿದಾಸರ ಗುರುಪರಂಪರೆಯ ಅಷ್ಟು ದೊಡ್ಡ ಯತಿ ಕಣ್ಣಿಗೆ ಗಾಜು ಹಿಡಿದು ಓದುತ್ತಿದ್ದ ಚಿತ್ರ ನನಗೆ ಬಹಳ ಇಷ್ಟ. ಅಂಥ ಗಾಜು ಅವತ್ತು ಹಡಗು ಹತ್ತಿ ಬಂದಿರಬೇಕು; ಅದನ್ನು ಕಳೆದುಕೊಳ್ಳುವುದೆಂದರೆ ಓದನ್ನೇ ಕಳೆದುಕೊಂಡಂತೆ.

ಅಷ್ಟು ಹಿಂದೆ ಹೋಗುವುದೂ ಬೇಡ. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಹಿರಿಯರಿಗೆಲ್ಲ 'ಚಾಳೀಸು' ಎಂದರೆ ಒಂದೇ ವಸ್ತು. ನಲವತ್ತು ದಾಟಿದವರಿಗೆ ಬರುವ ಕಣ್ಣಿನ ಮಬ್ಬಿಗೂ ಅದೇ ಹೆಸರು, ಅದಕ್ಕೆ ಹಾಕುವ ಕನ್ನಡಕಕ್ಕೂ ಅದೇ ಹೆಸರು. ನಮ್ಮಜ್ಜಿಯ ಚಾಳೀಸನ್ನು ಪಕ್ಕದ ಮನೆಯವರು ಅಕ್ಕಿ ಆರಿಸಲು ಒಯ್ಯುತ್ತಿದ್ದರು. ಪವರ್ ಸರಿಯಾಗಿ ಹೊಂದುತ್ತಿತ್ತೆಂದಲ್ಲ, ಇಲ್ಲದ್ದಕ್ಕಿಂತ ವಾಸಿ. ಕಡ್ಡಿ ಮುರಿದರೆ ದಾರ ಕಟ್ಟಿ ಕಿವಿಗೆ ಸುತ್ತುತ್ತಿದ್ದರು. ಈಗ ಇದನ್ನೆಲ್ಲ ಸುಸ್ಥಿರ ಬದುಕು ಎಂದು ಕೊಂಡಾಡುವವರಿದ್ದಾರೆ. ನನಗೆ ಆ ಉತ್ಸಾಹವಿಲ್ಲ. ಅದು ಬಡತನ. ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿತ್ತು.

ಇದೇ ಮಾತನ್ನು ಸೋಡಾಬುಡ್ಡಿ ಕನ್ನಡಕದ ಬಗ್ಗೆಯೂ ಹೇಳಬೇಕು. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಕ್ಯಾಂಪು ಹಾಕಿ ಸಾಲುಸಾಲಾಗಿ ಕಣ್ಣಿನ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ, ಪೊರೆಯ ಜೊತೆ ಕಣ್ಣಿನ ಸಹಜ ಲೆನ್ಸೇ ಹೊರಗೆ ಬರುತ್ತಿದ್ದುದರಿಂದ ಆಮೇಲೆ ದಪ್ಪಗಾಜಿನ ಕನ್ನಡಕ ಅನಿವಾರ್ಯ. ಆ ಗಾಜಿನ ಹಿಂದೆ ಅಜ್ಜಿಯರ ಕಣ್ಣು ಬೆರಗಿನಿಂದ ಅರಳಿದಂತೆ ದೊಡ್ಡದಾಗಿ ಕಾಣುತ್ತಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿ ಕಣ್ಣೊಳಗೇ ಕೃತಕ ಲೆನ್ಸ್ ಇಡಲು ಆರಂಭಿಸಿದ್ದರು. 1992ರಲ್ಲಿ ಮದುರೈನಲ್ಲಿ ಅರೋಲ್ಯಾಬ್ ಶುರುವಾಗಿ ಅಂಥ ಲೆನ್ಸು ಕಡಿಮೆ ಬೆಲೆಗೆ ಸಿಗುವಂತಾದ ಮೇಲೆ ನಮ್ಮಂಥ ಊರಿನ ಬಡವರಿಗೂ ಅದು ದಕ್ಕಿತು. ಸೋಡಾಬುಡ್ಡಿಗಳೆಲ್ಲ ಕೆಲವೇ ವರ್ಷಗಳಲ್ಲಿ ಕಸವಾದವು. ಆ ಕಸಕ್ಕಾಗಿ ಅಳಬೇಕಾದ್ದೇನೂ ಇಲ್ಲ. ಅಪ್ಪನ ಡಬ್ಬಿಯಲ್ಲಿದ್ದ ಕಪ್ಪು ಕನ್ನಡಕ, ಪೊರೆ ತೆಗೆಸಿದ ಮೇಲೆ ಕೆಲದಿನ ಹಾಕಿಕೊಳ್ಳಲು ಕೊಟ್ಟದ್ದು, ಆ ನಂತರದ ಯುಗದ್ದು. ಅದನ್ನು ತೆಗೆದ ಬೆಳಿಗ್ಗೆ ಅವರು ಎದುರುಮನೆಯ ಹೆಂಚುಗಳನ್ನು ಎಣಿಸಿ ತೋರಿಸಿದ್ದರು.

ಅಮ್ಮನ ಮಾತಿನಂತೆ ದಾನ ಮಾಡೋಣವೆಂದು ನಾನು ಹಾಸನಕ್ಕೆ ಹೋದಾಗ ಒಂದು ದೊಡ್ಡ ಮಳಿಗೆಯ ಹೊಳೆಯುವ ಪೆಟ್ಟಿಗೆಯ ಮುಂದೆ ನಿಂತದ್ದುಂಟು. ಹಳೇ ಕನ್ನಡಕ ಹಾಕಿ, ಬಡವರಿಗೆ ಬೆಳಕು ಕೊಡಿ ಎಂಬರ್ಥದ ಬರಹ. ಹಾಕಿದವರಿಗೆ ಹೊಸ ಕನ್ನಡಕದ ಮೇಲೆ ರಿಯಾಯಿತಿ. "ಇವು ಎಲ್ಲಿಗೆ ಹೋಗುತ್ತವೆ?" ಎಂದು ಕೇಳಿದೆ. ಕೌಂಟರಿನ ಹುಡುಗಿ ನಕ್ಕಳು: "ಕಂಪನಿಯೋರು ತಗೊಂಡ್ ಹೋಗ್ತಾರೆ ಸಾರ್." ಅಷ್ಟೇ ಅವಳಿಗೆ ಗೊತ್ತಿದ್ದದ್ದು. ರಿಯಾಯಿತಿ ಎಷ್ಟು ಶೇಕಡಾ ಎಂಬುದು ಮಾತ್ರ ಬಾಯಿಪಾಠವಾಗಿತ್ತು.

ಆಮೇಲೆ ಓದಿ ತಿಳಿದದ್ದು ನನ್ನನ್ನು ತಣ್ಣಗಾಗಿಸಿತು. ಹೀಗೆ ದಾನ ಬಂದ ಕನ್ನಡಕಗಳನ್ನು 2012ರಲ್ಲಿ ಡೇವಿಡ್ ವಿಲ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿದ್ದರು. ನೋಡಿದ 275ರಲ್ಲಿ ಇನ್ನೊಬ್ಬರು ಹಾಕಿಕೊಳ್ಳುವಂತಿದ್ದವು ಶೇ 7 ಮಾತ್ರ. ಉಳಿದವು ಗೀರು ಬಿದ್ದವು, ಮುರಿದವು ಅಥವಾ ಯಾರಿಗೂ ಹೊಂದದ ಪವರಿನವು. ಆ ಕೆಲವನ್ನು ಆರಿಸಿ, ತೊಳೆದು, ಅಳೆದು, ಸಾಗಿಸುವ ಖರ್ಚು ಹೊಸದನ್ನೇ ಕೊಡುವ ಖರ್ಚಿಗಿಂತ ಹೆಚ್ಚು. ಅಂಧತ್ವ ತಡೆಗಾಗಿ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಪಿಬಿ ಕೂಡ ಹಳೆಯ ಕನ್ನಡಕಗಳ ದಾನವನ್ನು ನೆಚ್ಚಿಕೊಳ್ಳಬೇಡಿ ಎಂದೇ ಸಲಹೆ ಕೊಟ್ಟಿದೆ. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಸ್ಟೀಲ್ ಲೋಟ ಯಾರ ಬಾಯಿಗಾದರೂ ಆಗುತ್ತದೆ. ಕನ್ನಡಕ ಹಾಗಲ್ಲ. ಎರಡು ಕಣ್ಣಿನ ಬೇರೆ ಬೇರೆ ಪವರು, ಎರಡು ಪಾಪೆಗಳ ನಡುವಿನ ಅಂತರ, ಸಿಲಿಂಡರಿನ ಓರೆ, ಎಲ್ಲವೂ ಒಬ್ಬ ಮನುಷ್ಯನ ಮುಖಕ್ಕೆ ಅಳೆದು ಮಾಡಿದ್ದು. ಅಪ್ಪನ ಕಣ್ಣು ಇನ್ನೊಬ್ಬರಿಗೆ ಇಲ್ಲ. ಅಪ್ಪನ ಕನ್ನಡಕವೂ ಇಲ್ಲ.

ಕಠೋಪನಿಷತ್ತಿನ ಕತೆ ನೆನಪಾಗುವುದು ಇಲ್ಲಿ. ನಚಿಕೇತನನ್ನು ನಾವು ಸಾಮಾನ್ಯವಾಗಿ ಯಮನ ಮನೆಯ ಬಾಗಿಲಲ್ಲಿ ನಿಲ್ಲಿಸಿ, ಆತ್ಮವಿದ್ಯೆಯ ಮಾತಿಗೆ ಇಳಿದುಬಿಡುತ್ತೇವೆ. ಅವನು ಯಮನ ಮನೆಗೆ ಹೋಗುವಂತೆ ಮಾಡಿದ್ದು ಯಾವುದು? ಅಪ್ಪ ಯಜ್ಞದಲ್ಲಿ ದಾನ ಕೊಡುತ್ತಿದ್ದ ಹಸುಗಳನ್ನು ಹುಡುಗ ನೋಡಿದ. ಎಲ್ಲ ಮುದಿಯಾದವು, ಹಾಲು ಬತ್ತಿದವು, ಇನ್ನು ಕರು ಹಾಕದವು. ಕೊಟ್ಟವನಿಗೆ ಕೊಟ್ಟಿಗೆ ಖಾಲಿಯಾಯಿತು, ಪುಣ್ಯವೂ ಬಂತು. ಪಡೆದವನ ಪಾಲಿಗೆ ಮೇವಿನ ಖರ್ಚು. ಹುಡುಗನಿಗೆ ಅದು ಹೇಗೆ ದಾನವಾಗುತ್ತದೆ ಎಂಬುದು ಅರ್ಥವಾಗಲಿಲ್ಲ. ಹಾಗಾದರೆ ನನ್ನನ್ನು ಯಾರಿಗೆ ಕೊಡುತ್ತೀ ಎಂದು ಪೀಡಿಸಿದ. ಕಸವನ್ನು ದಾನವೆಂದು ಕರೆಯುವುದರ ವಿರುದ್ಧ ಒಬ್ಬ ಮಗು ಎತ್ತಿದ ತಕರಾರಿನಿಂದ ಒಂದು ಉಪನಿಷತ್ತು ಶುರುವಾಗುತ್ತದೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ದಾನಕ್ಕೂ ಋಣಕ್ಕೂ ಇರುವ ವ್ಯತ್ಯಾಸ ಇಷ್ಟೇ ಎಂದು ನನಗೆ ಅನ್ನಿಸುತ್ತದೆ: ದಾನ ಎಲ್ಲಿಗೆ ಮುಗಿಯಿತೆಂದು ಹೇಳುವವನು ಕೊಡುವವನೇ. ಕೈ ತೊಳೆದುಕೊಂಡರೆ ಮುಗಿಯಿತು. ಋಣ ಮುಗಿಯಿತೆಂದು ಹೇಳುವ ಹಕ್ಕು ಸಾಲಗಾರನಿಗಿಲ್ಲ. ಹೊಳೆಯುವ ಪೆಟ್ಟಿಗೆಯೊಳಗೆ ನಾನು ಹಾಕಹೊರಟಿದ್ದು ಋಣವನ್ನು; ಅದಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಮಾತ್ರ ದಾನ ಎಂದಿತ್ತು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ವಾಪಸು ಬೇಲೂರು ಬಸ್ಸು ಹತ್ತಿದೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತೆ. ಡಬ್ಬಿಯಲ್ಲಿ ಇನ್ನೊಂದು ಕನ್ನಡಕವಿತ್ತು: ಜಾತ್ರೆಯಲ್ಲಿ ಕೊಂಡ ರೆಡಿಮೇಡ್ ಚಾಳೀಸು. ಅಗ್ಗದ ಪ್ಲಾಸ್ಟಿಕ್, ಎರಡೂ ಕಡೆ ಒಂದೇ ಪವರ್. ಪರಿಸರದ ದೃಷ್ಟಿಯಿಂದ ಅದಕ್ಕಿಂತ ಕೀಳು ವಸ್ತು ಆ ಡಬ್ಬಿಯಲ್ಲಿರಲಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕಾರ್ಮಿಕರಿಗೆ ಹತ್ತಿರದ್ದು ಕಾಣುವ ಇಂಥ ಸರಳ ಕನ್ನಡಕ ಕೊಟ್ಟು ನಡೆಸಿದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂತು. ಕನ್ನಡಕ ಸಿಕ್ಕವರ ಕೆಲಸದ ಪ್ರಮಾಣ ಸಿಗದವರಿಗಿಂತ ಶೇ 21.7ರಷ್ಟು ಹೆಚ್ಚು ಏರಿತ್ತು. ಕೆಜಿ ಲೆಕ್ಕದಲ್ಲಿ ಎಲೆ ಕೀಳುವವರಿಗೆ ಅದು ಅನ್ನದ ಪ್ರಶ್ನೆ. ನಮ್ಮ ಬೇಲೂರು ಸುತ್ತಿನ ಕಾಫಿ ತೋಟಗಳಲ್ಲಿ ಹಣ್ಣು ಬಿಡಿಸುವ, ಬೀಜ ಆರಿಸುವ ಹೆಂಗಸರ ಕಣ್ಣಿಗೂ ಇದೇ ಮಾತು ಅನ್ವಯಿಸುವುದಿಲ್ಲವೆ? ದೃಷ್ಟಿದೋಷದಿಂದ ದೂರದ್ದು ಕಾಣದವರಲ್ಲಿ ಸರಿಯಾದ ಕನ್ನಡಕ ಸಿಕ್ಕಿರುವುದು ಶೇ 36 ಮಂದಿಗೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರ್ನಾಟಕ ಸರ್ಕಾರದ 'ಆಶಾಕಿರಣ' ಮನೆಬಾಗಿಲಿಗೆ ಹೋಗಿ ಕಣ್ಣು ನೋಡಿ ಉಚಿತ ಕನ್ನಡಕ ಕೊಡುವ ಯೋಜನೆ. ಕಲಬುರಗಿ, ಚಿಕ್ಕಬಳ್ಳಾಪುರ, ಹಾವೇರಿ, ಚಾಮರಾಜನಗರಗಳಲ್ಲಿ ಮೊದಲು ಶುರುವಾಯಿತು. ಅಲ್ಲಿ ಕನ್ನಡಕ ಪಡೆದ ಅಜ್ಜಿಗೆ ಅದು ಯಾವ ಪ್ಲಾಸ್ಟಿಕ್ಕಿನದು ಎಂದು ಕೇಳು ಎನ್ನುವ ಮುಖ ನನಗಿಲ್ಲ. ಪರಿಸರದ ಹೊಣೆಯನ್ನು ಹಂಚುವಾಗ ಸಮಪಾಲು ಅನ್ಯಾಯವೇ ಆಗುತ್ತದೆ. ಮೊದಲ ಕನ್ನಡಕದ ಪಾಪ ಯಾರಿಗೂ ಇಲ್ಲ. ಎರಡನೆಯದರಿಂದ ಲೆಕ್ಕ ಶುರುವಾಗಬೇಕು. ಅಪ್ಪ ಹಾಕದೇ ಉಳಿಸಿದ ಆ ಉಚಿತ ಕನ್ನಡಕದಿಂದ.

ಹಾಗಾದರೆ ಲೆಕ್ಕ ಕೊಡಬೇಕಾದವರು ಯಾರು? ಕಾನೂನಿನ ಪುಸ್ತಕ ತೆರೆದರೆ, ತಯಾರಕರೇ ತಮ್ಮ ತ್ಯಾಜ್ಯವನ್ನು ವಾಪಸು ಪಡೆಯುವ ಹೊಣೆ ನಮ್ಮಲ್ಲಿ ಪ್ಲಾಸ್ಟಿಕ್ ಪ್ಯಾಕೇಜಿಂಗಿಗೆ ಇದೆ, ಎಲೆಕ್ಟ್ರಾನಿಕ್ ಸಾಮಾನಿಗೆ ಇದೆ, ಬ್ಯಾಟರಿಗೆ, ಟೈರಿಗೆ ಇದೆ. ಸಾದಾ ಕನ್ನಡಕ ಆ ಪಟ್ಟಿಗಳಲ್ಲಿಲ್ಲ. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿದಾಗ ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳನ್ನು ಹೆಸರಿಸಿತು. ಅಲ್ಲೂ ಕನ್ನಡಕದ ಸುಳಿವಿಲ್ಲ. ಮೂಗಿನ ಮೇಲೇ ಇರುವುದು ಕಣ್ಣಿಗೆ ಬೀಳುವುದಿಲ್ಲವೇನೋ.

ಉದ್ಯಮ ಏನೂ ಮಾಡುತ್ತಿಲ್ಲವೆಂದಲ್ಲ. ಚೂರುಗಳನ್ನು ಮತ್ತೆ ಅಸಿಟೇಟ್ ಮಾಡುವ, ಸಮುದ್ರದ ಹಳೇ ಬಲೆಗಳಿಂದ ಫ್ರೇಮು ಮಾಡುವ ಪ್ರಯತ್ನಗಳು ನಡೆದಿವೆ. ಪುಣೆಯಲ್ಲಿ ಅನೀಶ್ ಮಲ್ಪಾನಿಯವರ 'ಆಶಯ' ಸಂಸ್ಥೆ 2023ರಲ್ಲಿ, ಯಾರೂ ಮುಟ್ಟದ ಚಿಪ್ಸ್ ಪ್ಯಾಕೆಟ್ಟುಗಳಿಂದ ತಂಪುಕನ್ನಡಕ ಮಾಡಿ ತೋರಿಸಿತು. ಚಿಂದಿ ಆಯುವವರ ದುಡಿಮೆಗೆ ಗೌರವದ ಕೂಲಿ ಎಂಬುದೂ ಆ ಯೋಜನೆಯ ಭಾಗ. ಇದು ನನಗೆ ಮೆಚ್ಚುಗೆಯಾದದ್ದು. ಮೆಚ್ಚುತ್ತಲೇ ಒಂದು ಅನುಮಾನ: ಪ್ಯಾಕೆಟ್ಟು ಕನ್ನಡಕವಾಯಿತು, ಕನ್ನಡಕ ಮುಂದೆ ಏನಾಗುತ್ತದೆ? ಚಕ್ರ ಎನ್ನಬೇಕಾದರೆ ಹೊರಟಲ್ಲಿಗೆ ಮರಳಿ ಬರಬೇಕು. ಒಂದು ಸುತ್ತು ತಡವಾಗಿ ಕಸವಾಗುವುದಕ್ಕೆ ಚಕ್ರವೆಂದು ಹೆಸರಿಡುವುದು ಅವಸರ. ಹಾಸನದ ಪೆಟ್ಟಿಗೆಯ ಚಕ್ರವಂತೂ ಇನ್ನೂ ಚಿಕ್ಕದು: ಹಳೆಯದನ್ನು ಹಾಕಿ ಹೊಸದಕ್ಕೆ ರಿಯಾಯಿತಿ ಪಡೆ. ತಿರುಗುವುದು ಗಿರಾಕಿ ಮಾತ್ರ.

ಬೇಲೂರಿನಲ್ಲಿ ಹುಟ್ಟಿದವನು ಏನು ಬರೆದರೂ ಕೊನೆಗೆ ಚೆನ್ನಕೇಶವನ ಅಂಗಳಕ್ಕೆ ಬಂದೇ ಬರುತ್ತಾನೆ, ಓದುಗರು ಕ್ಷಮಿಸಬೇಕು. ದೇವಸ್ಥಾನದ ಮುಂದಿನ ಬೀದಿಯಲ್ಲಿ ಥರ್ಮೋಕೋಲ್ ಹಲಗೆಗೆ ಸಿಕ್ಕಿಸಿ ತಂಪುಕನ್ನಡಕ ಮಾರುತ್ತಾರೆ. ಪ್ರವಾಸಿಗರು ಕೊಂಡು ಹಾಕಿಕೊಂಡು ದರ್ಪಣಸುಂದರಿಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಳೇಬೀಡು ತಲುಪುವುದರೊಳಗೆ ಅವುಗಳಲ್ಲಿ ಕೆಲವಕ್ಕಾದರೂ ಕಡ್ಡಿ ಇರುವುದಿಲ್ಲ. ಆ ಕನ್ನಡಕವನ್ನು ಮಾಡಿದವರು ಯಾರು? ಮಾರುವವನಿಗೂ ಗೊತ್ತಿಲ್ಲ. ಅಪ್ಪನ ದುಬಾರಿ ಕನ್ನಡಕದಲ್ಲೂ ಕಂಪನಿಯ ಹೆಸರಿದೆ, ಅಳತೆಯ ಅಂಕಿ ಇದೆ. ಯಾರ ಕೈಯಲ್ಲಿ ಆಯಿತು, ಮುರಿದರೆ ಯಾರನ್ನು ಕೇಳಬೇಕು ಎಂಬುದಿಲ್ಲ. ಅದೇ ಫೋಟೋದಲ್ಲಿ, ಅವರ ತಲೆಯ ಮೇಲೆ, 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಮದನಿಕೆಯರಿದ್ದಾರೆ. ಅವರಲ್ಲಿ ಕೆಲವರ ಪಾದಪೀಠದಲ್ಲಿ ಕೆತ್ತಿದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅದು ಹೊಣೆಯ ಸಹಿಯಲ್ಲ, ಹೆಮ್ಮೆಯ ಸಹಿ ಎಂದು ತಿಳಿದವರು ತಿದ್ದಬಹುದು. ಇರಲಿ. ಹೆಸರು ಕೆತ್ತಿದವನು ತಪ್ಪಿಸಿಕೊಳ್ಳಲಾರ ಎಂಬುದಂತೂ ನಿಜ. ಕಲ್ಲು ಬಿರಿದರೆ 900 ವರ್ಷದ ನಂತರವೂ ದಾಸೋಜನದೇ ಬಿರಿಯುತ್ತದೆ.

ಆ ಗುಡಿ ಉಳಿದದ್ದು ಕಲ್ಲಿನ ಗಟ್ಟಿತನದಿಂದ ಮಾತ್ರವಲ್ಲ. ದಾಳಿಯಲ್ಲಿ ಹಾಳಾದ ಮಹಾದ್ವಾರದ ಗೋಪುರವನ್ನು ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ, 1397ರಲ್ಲಿ, ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಜೀರ್ಣೋದ್ಧಾರ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ದೇವಸ್ಥಾನಕ್ಕೆ ಮಾತ್ರ ಯಾಕೆ ಮೀಸಲಿಟ್ಟೆವೋ.

ಬಸ್ ನಿಲ್ದಾಣದ ಅಂಗಡಿಗೆ ಡಬ್ಬಿ ತೆಗೆದುಕೊಂಡು ಹೋದದ್ದು ನನಗೇ ಚಾಳೀಸು ಬಂದ ಮೇಲೆ. ಪುಸ್ತಕವನ್ನು ತೋಳುದ್ದ ಹಿಡಿದು ಓದುವ ವಯಸ್ಸು. ಅಂಗಡಿಯವರು ಆರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಕಪ್ಪು ಕನ್ನಡಕವನ್ನೂ ಜಾತ್ರೆಯದನ್ನೂ ಬದಿಗೆ ಸರಿಸಿದರು. ಲೋಹದ ಬೈಫೋಕಲ್ಲಿನ ಕೀಲನ್ನು ತಿರುಗಿಸಿ, "ಇದ್ರ ಸ್ಕ್ರೂ ನಂಗೆ ಬೇಕು ಸಾರ್, ಈ ಅಳತೆದು ಸಿಗಲ್ಲ," ಎಂದು ಒಂದು ಗಾಜಿನ ಶೀಶೆ ತೋರಿಸಿದರು. ಅದರ ತುಂಬ ಸತ್ತ ಕನ್ನಡಕಗಳ ಸ್ಕ್ರೂ, ಮೂಗಿನ ಪ್ಯಾಡು, ಒಂಟಿ ಕಡ್ಡಿಗಳು. ಕಡ್ಡಿ ಮುರಿದು ಬಂದವರಿಗೆ ಅದರೊಳಗಿಂದ ಹುಡುಕಿ ಹಾಕಿಕೊಡುತ್ತಾರಂತೆ. ಬಣ್ಣ ಹೊಂದುವುದಿಲ್ಲ; ಹಳ್ಳಿಯವರು ಕೇಳುವುದಿಲ್ಲ, ಕಾಲೇಜಿನವರು ಒಪ್ಪುವುದಿಲ್ಲ. ಎಷ್ಟು ತೆಗೆದುಕೊಳ್ಳುತ್ತೀರಿ ಎಂದದ್ದಕ್ಕೆ, "ಸ್ಕ್ರೂಗೆ ಏನ್ ಇಸ್ಕೊಳ್ಳೋದು," ಎಂದರು. ಈ ಕೆಲಸದಿಂದ ಅಂಗಡಿಯ ಬಾಡಿಗೆ ಹುಟ್ಟುವುದಿಲ್ಲ. ಅದು ಹುಟ್ಟುವುದು ಹೊಸ ಫ್ರೇಮಿನಿಂದ. ನಾವು ಹುಡುಕುತ್ತಿರುವ ಚಕ್ರ ಎಲ್ಲಾದರೂ ತಿರುಗುತ್ತಿದ್ದರೆ ಆ ಶೀಶೆಯೊಳಗೆ ತಿರುಗುತ್ತಿದೆ, ಅದೂ ಪುಕ್ಕಟೆಯಾಗಿ. ತಯಾರಕರಿಂದ ಹೊಣೆ ವಸೂಲಿ ಮಾಡುವ ಕಾನೂನು ಎಂದಾದರೂ ಬಂದರೆ, ಅದರ ದುಡ್ಡಿನಲ್ಲಿ ಒಂದು ಪಾಲು ಈ ಮೇಜಿಗೆ ಬರಬೇಕು ಎಂಬುದು ನನ್ನ ವಾದ.

ಎಲ್ಲಕ್ಕಿಂತ ಹಳೆಯದು ದಪ್ಪ ಕಪ್ಪು ಫ್ರೇಮಿನದು, ಅಪ್ಪ ಮಂಡಿಗೆ ಸೇರಿದ ಹೊಸತರಲ್ಲಿ ಹಾಕುತ್ತಿದ್ದದ್ದು. ಅಂಗಡಿಯವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು, ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ ನನ್ನ ಕಿವಿಗೆ ಕೂರಿಸಿ ನೋಡಿದರು. "ಗಟ್ಟಿ ಐತೆ ಸಾರ್. ನಿಮ್ ನಂಬರ್ ಹಾಕ್ಕೊಡ್ತೀನಿ." ನಾಲ್ಕು ದಿನ ಬಿಟ್ಟು ಬರಲು ಹೇಳಿದರು. ಹೋದಾಗ ಕನ್ನಡಕ ಸಿದ್ಧವಾಗಿತ್ತು. ಹಾಕಿಕೊಂಡು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದೆ. ರಾಹುಕಾಲ ಸ್ಪಷ್ಟವಾಗಿ ಕಂಡಿತು. ದುಡ್ಡು ಕೊಟ್ಟು ಏಳುವಾಗ ಅವರು ಪೇಪರಿನ ಚೂರಿನಲ್ಲಿ ಸುತ್ತಿದ ಏನನ್ನೋ ಮುಂದೆ ಚಾಚಿದರು. ಅಪ್ಪನ ಹಳೆಯ ಗಾಜುಗಳು, ಎರಡು.

"ಇವನ್ನ ಏನ್ ಮಾಡ್ಲಿ ಸಾರ್?"

ಜೇಬಿಗೆ ಹಾಕಿಕೊಂಡು ಬಂದೆ. ಡಬ್ಬಿಯಲ್ಲಿವೆ.